ಬೇಸಿಗೆಯಲ್ಲಿ ಲೈನ್ ಟ್ರಿಪ್ ಆದರೆ (ತಾನಾಗಿ ಆಫ್ ಆದರೆ) ನೋಡದೆ ಚಾರ್ಜ್ ಮಾಡುವುದು (ಮತ್ತೆ ಕರೆಂಟ್ ಬಿಡುವುದು) ಸರಿಯಾ? (ನಮ್ಮ ಪದವಿಗೆ, ಅಂದರೆ ಮುರಕಲ್ಲಿನ ಹುಲ್ಲುಬಯಲಿಗೆ, ಬೆಂಕಿ ಬಿದ್ದ ಕಥೆ)

ಪದವಿನಮನೆ, ಕಾರ್ಕಳ ತಾಲೂಕು:

ಸ್ವಲ್ಪ ಉದ್ದ ಉಂಟು, ಪುರುಸೊತ್ತಿದ್ದಾಗ ಓದಿ.

ಹೋದ ವಾರ ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ನಮ್ಮಲ್ಲಿ ಕರೆಂಟ್ ಹೋಯಿತು. ಐದು ನಿಮಿಷ ಬಿಟ್ಟು ಬಂತು, ಕೂಡಲೇ ಹೋಯಿತು. ಮತ್ತೆ ಬಂತು. ಈ ಸಲ ಹೋಗಲಿಲ್ಲ, ಆದರೆ ಫ್ಯಾನ್ ತೂಕಡಿಸುವ ಹಾಗೆ ತಿರುಗುತ್ತಿತ್ತು. ಪಕ್ಕದ ಮನೆಯಲ್ಲಿ ಕೇಳಿದರೆ ಅವರಲ್ಲಿ ಎಲ್ಲ ಸರಿ ಇದೆ. ವೋಲ್ಟೇಜ್ ಇಲ್ಲ ಅಂತ ಬೈದುಕೊಂಡು ಫ್ರಿಜ್ ಆಫ್ ಮಾಡಿ ಕೂತೆ. ಕಾಲು ಗಂಟೆ ಆಗಿರಬಹುದು, ಹಿಂದಿನ ಪದವಿನಿಂದ ಹೊಗೆ. ಓಡಿ ಹೋಗಿ ನೋಡಿದರೆ 11 ಕೆವಿ (11 ಸಾವಿರ ವೋಲ್ಟ್) ಲೈನಿನ ಒಂದು ತಂತಿ ತುಂಡಾಗಿ ಮುಳಿಹುಲ್ಲಿನ ಮೇಲೆ ಬಿದ್ದಿದೆ, ಸುತ್ತ ಬೆಂಕಿ.

ಊರಿನ ಹತ್ತು ಹದಿನೈದು ಜನ ಸೇರಿ ಹಸಿ ಸೊಪ್ಪಿನ ಗೆಲ್ಲುಗಳಲ್ಲಿ (ಕೊಂಬೆಗಳಲ್ಲಿ) ಬಡಿದು ಆರಿಸಿದೆವು. ನಮ್ಮದು ಒಂದೂವರೆ ಎಕ್ರೆ ಗೇರು ಹೋಯಿತು, ಬೀಜ ಬಲಿಯುವ ಹೊತ್ತಿನಲ್ಲೇ. ಅಡಿಕೆ ತೋಟ ಉಳಿದದ್ದು ಮಧ್ಯೆ ಮಣ್ಣಿನ ರಸ್ತೆ ಇದ್ದ ಕಾರಣ. ಪಂಪ್ ಹಾಕಿ ನೀರು ಬಿಡೋಣ ಎಂದರೆ ಮೋಟಾರು ಬರೀ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ.

ಕರೆಂಟ್ ಕಂಪನಿಯ ಯಾವ ಸೆಕ್ಷನ್, ಯಾವ ಆಫೀಸು ಎಂದು ಬರೆಯುವುದಿಲ್ಲ. ಅಲ್ಲಿ ಕೆಲಸ ಮಾಡುವವರೂ ನಮ್ಮ ಊರಿನವರೇ. ನನ್ನ ಪ್ರಶ್ನೆ ಇಷ್ಟೆ. ಮಳೆಗಾಲದಲ್ಲಿ ಇದೇ ಲೈನ್ ಎರಡು ದಿನ ಇರುವುದಿಲ್ಲ, ಬೇಸಿಗೆಯಲ್ಲಿ ಇದೇ ಲೈನ್ ಬೆಂಕಿ ಹಾಕುತ್ತದೆ. ಇದಕ್ಕೆ ಎಂತ ಮಾಡುವುದು?

ಸುರತ್ಕಲ್ ಹುಡುಗ:

ಅಣ್ಣ, ಬೇಜಾರಾಯಿತು. ಆದರೆ ಉತ್ತರ ಸುಲಭ, ಎಲ್ಲಾ ಲೈನ್ ಭೂಮಿ ಒಳಗೆ ಹಾಕಬೇಕು. ಯೆಲ್ಲೂರಿನಲ್ಲಿ 1200 ಮೆಗಾವಾಟ್ ಸ್ಥಾವರ, ಆ ಕಡೆ ಹೊಸಂಗಡಿಯ ವಾರಾಹಿಯಲ್ಲಿ 460 ಮೆಗಾವಾಟ್. ಉಡುಪಿ ಜಿಲ್ಲೆಯಲ್ಲೇ ಇಷ್ಟು ಕರೆಂಟ್ ಮಾಡಿ ನಾವು ಚಿಮಿಣಿ ದೀಪ ಹಚ್ಚಬೇಕಾ?

ಕಂಬ ಹತ್ತಿದವ (ನಿವೃತ್ತ):

ಹುಡುಗ ಮಾರಾಯ, ಕರೆಂಟ್ ಎಷ್ಟು ತಯಾರಾಗುತ್ತದೆ ಎನ್ನುವುದಕ್ಕೂ ನಿನ್ನ ಮನೆಯ ಫ್ಯಾನಿಗೂ ಸಂಬಂಧ ಕಡಿಮೆ. ಯೆಲ್ಲೂರಿನ ಕರೆಂಟ್ 400 ಕೆವಿ ಲೈನಿನಲ್ಲಿ ಹಾಸನದ ಕಡೆ ಹೋಗುತ್ತದೆ, ದೊಡ್ಡ ಗ್ರಿಡ್ಡಿಗೆ ಸೇರುತ್ತದೆ. ದೊಡ್ಡ ಲೈನುಗಳು ಬೀಳುವುದು ಅಪರೂಪ. ತೊಂದರೆ ಎಲ್ಲಾ ಸಬ್‌ಸ್ಟೇಷನ್‌ನಿಂದ ನಿಮ್ಮ ಟಿಸಿ (ಟ್ರಾನ್ಸ್‌ಫಾರ್ಮರ್) ವರೆಗಿನ 11 ಕೆವಿಯಲ್ಲಿ. ಘಟ್ಟದ ಮೇಲೆ, ಬಯಲುಸೀಮೆಯಲ್ಲಿ ಮನೆಗಳೆಲ್ಲ ಒಟ್ಟಿಗೆ ಇರುತ್ತವೆ. ನಮ್ಮಲ್ಲಿ ಒಬ್ಬೊಬ್ಬರ ಮನೆ ಅವರವರ ತೋಟದ ನಡುವೆ. ನಾಲ್ಕು ಮನೆಗೆ ಕರೆಂಟ್ ಕೊಡಲು ಎರಡು ಗುಡ್ಡ, ಒಂದು ತೋಡು, ಮೂರು ಅಡಿಕೆ ತೋಟ ದಾಟಬೇಕು.

ಇನ್ನು ಪದವಿನಮನೆಯವರೇ, ನೀವು ಬರೆದದ್ದರಲ್ಲಿ ಒಂದು ಮುಖ್ಯ ವಿಷಯ ಉಂಟು, ನಿಮಗೇ ಗೊತ್ತಾಗಲಿಲ್ಲ. ನಿಮ್ಮ ಫ್ಯಾನ್ ಮಂಕು, ಪಕ್ಕದವರದ್ದು ಸರಿ. ಟಿಸಿಗೆ ಬರುವ ಮೂರು ಎಚ್‌ಟಿ (11 ಕೆವಿ) ತಂತಿಯಲ್ಲಿ ಒಂದು ಕಡಿದರೆ ಈಚೆ ಕಡೆ ಒಂದು ಫೇಸ್ ಪೂರ್ತಿ ಬರುತ್ತದೆ, ಉಳಿದ ಎರಡು ಅರ್ಧಂಬರ್ಧ ಬರುತ್ತವೆ. ಮೂರು ಫೇಸ್ ಪಂಪ್ ಗುಂಯ್ ಅನ್ನುವುದೂ ಅದಕ್ಕೇ (ಆಫ್ ಮಾಡದಿದ್ದರೆ ವೈಂಡಿಂಗ್ ಸುಟ್ಟು ಹೋಗುತ್ತದೆ). ಟಿಸಿಯ ಡಿಓ (ಡ್ರಾಪ್ ಔಟ್) ಫ್ಯೂಸ್ ಹೋಗಿರಬಹುದು, ಎಲ್ಲೋ ಜಂಪರ್ (ಎರಡು ತಂತಿ ಕೂಡಿಸುವ ತುಂಡು) ಕಡಿದಿರಬಹುದು, ಅಥವಾ ತಂತಿಯೇ ನೆಲದಲ್ಲಿ ಬಿದ್ದಿರಬಹುದು. ಬೇಸಿಗೆಯಲ್ಲಿ ಮೂರನೆಯದ್ದೇ ಎಂದುಕೊಂಡು ಕೂಡಲೇ 1912ಕ್ಕೆ ಫೋನ್ ಮಾಡಬೇಕು. ಸುಮ್ನೆ ವೋಲ್ಟೇಜ್ ಇಲ್ಲ ಎಂದರೆ ಆ ದೂರು ಸಾಲಿನಲ್ಲಿ ಹಿಂದೆ ಹೋಗುತ್ತದೆ. "ಎಚ್‌ಟಿ ಒಂದು ಫೇಸ್ ಕಟ್ ಆದ ಹಾಗೆ ಕಾಣುತ್ತದೆ, ತಂತಿ ಬಿದ್ದಿರಬಹುದು" ಎಂದು ಹೇಳಿ. ಆಗ ಫೀಡರ್ (ಸಬ್‌ಸ್ಟೇಷನ್ನಿನಿಂದ ಬರುವ ಆ ಲೈನ್) ಆಫ್ ಮಾಡುತ್ತಾರೆ.

ಪದವಿನಮನೆ:

ಇದು ಯಾರೂ ಹೇಳಿಕೊಟ್ಟಿರಲಿಲ್ಲ. ಕಾಲು ಗಂಟೆ ಸುಮ್ನೆ ಕೂತೆನಲ್ಲ ಎಂದು ಹೊಟ್ಟೆ ಉರಿಯುತ್ತದೆ. ಆದರೆ ತಂತಿ ನೆಲಕ್ಕೆ ಬಿದ್ದ ಮೇಲೂ ಲೈನ್ ಆಫ್ ಆಗಲಿಲ್ಲ ಯಾಕೆ? ಟ್ರಿಪ್ ಆಗಬೇಕಲ್ವಾ?

ಕಂಬ ಹತ್ತಿದವ (ನಿವೃತ್ತ):

ಜುಲೈ ತಿಂಗಳಾಗಿದ್ದರೆ ಕೂಡಲೇ ಆಗುತ್ತಿತ್ತು. ನೆಲ ಒದ್ದೆ, ಕರೆಂಟ್ ಚೆನ್ನಾಗಿ ಮಣ್ಣಿಗೆ ಹರಿಯುತ್ತದೆ, ಸಬ್‌ಸ್ಟೇಷನ್ನಿನ ರಿಲೇಗೆ (ದೋಷ ಕಂಡರೆ ಲೈನ್ ಆಫ್ ಮಾಡಿಸುವ ಸಾಧನ) ಗೊತ್ತಾಗುತ್ತದೆ. ಮಾರ್ಚ್‌ನಲ್ಲಿ ಪದವು ಅಂದರೆ ಒಣಗಿದ ಮುರಕಲ್ಲು. ಹರಿಯುವ ಕರೆಂಟ್ ತುಂಬಾ ಕಡಿಮೆ. ರಿಲೇಗೆ ಅದು ಯಾರದ್ದೋ ಒಂದು ಪಂಪ್ ಹಾಕಿದ ಹಾಗೆ ಕಾಣುತ್ತದೆ. ಅಷ್ಟರಲ್ಲಿ ತಂತಿ ತುದಿಯಲ್ಲಿ ಚಟಪಟ ಕಿಡಿ. ಅಡಿಯಲ್ಲಿ ಒಣ ಹುಲ್ಲು. ಇನ್ನೇನು ಬೇಕು.

ಮೊದಲ ಎರಡು ಸಲ ಟ್ರಿಪ್ ಆದದ್ದು ಬಹುಶಃ ಗೆಲ್ಲು ತಾಗಿ. ತಾಗಿದಲ್ಲಿ ಅಲ್ಯೂಮಿನಿಯಂ ಎಳೆಗಳು ಸುಟ್ಟವು. ಇತ್ತ ಸ್ಟೇಷನ್ನಿನಲ್ಲಿ ಶಿಫ್ಟಿನವರು ಟೆಸ್ಟ್ ಚಾರ್ಜ್ ಮಾಡಿದರು, ನಿಂತರೆ ನಿಂತಿತು ಎಂದು. ಪ್ರತಿ ಸಲ ಹಾಕಿದಾಗಲೂ ಆ ಸುಟ್ಟ ಜಾಗಕ್ಕೆ ಪೆಟ್ಟು. ಕೊನೆಗೆ ಕಡಿಯಿತು. ನಾನೂ ಸಾವಿರ ಸಲ ಹಾಗೆ ಹಾಕಿಸಿದವನೇ, ಸುಳ್ಳು ಯಾಕೆ. ಮಳೆಗಾಲದಲ್ಲಿ ಹೆಚ್ಚಿನ ಟ್ರಿಪ್ ಹಾಗೆಯೇ ಸರಿ ಆಗುತ್ತದೆ. ಗಾಳಿಗೆ ಮಡಲು ತಾಗಿತು, ಕೆಳಗೆ ಬಿತ್ತು, ಮುಗಿಯಿತು. ಪ್ರತಿ ಟ್ರಿಪ್ಪಿಗೂ ಲೈನ್ ನಡೆದು ನೋಡಿ ಚಾರ್ಜ್ ಮಾಡುವುದಾದರೆ ಜೂನ್‌ನಲ್ಲಿ ನಿಮಗೆ ಕರೆಂಟೇ ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ತಪ್ಪು ಇರುವುದು ಮಳೆಗಾಲದ ಅಭ್ಯಾಸವನ್ನು ಬೇಸಿಗೆಯಲ್ಲೂ ನಡೆಸುವುದರಲ್ಲಿ.

ದೂರದ ಕುಂದಾಪುರದವ:

ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ಹದಿನಾಲ್ಕು ವರ್ಷ ಆಯಿತು. ಇಲ್ಲಿ ಇದೇ ವಿಷಯಕ್ಕೆ ಒಂದು ದೊಡ್ಡ ಕರೆಂಟ್ ಕಂಪನಿ ದಿವಾಳಿ ಆಗಿತ್ತು. 2018ರ ನವೆಂಬರ್ 8ರಂದು ಪ್ಯಾರಡೈಸ್ ಎಂಬ ಊರು ಸುಟ್ಟು ಹೋಯಿತು. 85 ಜನ ಸತ್ತರು. ಕಾರಣ ಪಿಜಿ ಆಂಡ್ ಇ ಕಂಪನಿಯ ಹಳೆಯ ಪ್ರಸರಣ ಲೈನಿನ ಒಂದು ಕಬ್ಬಿಣದ ಕೊಕ್ಕೆ. ಸುಮಾರು ನೂರು ವರ್ಷ ಗಾಳಿಗೆ ತೂಗಿ ತೂಗಿ ಸವೆದು ತುಂಡಾಯಿತು. ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಕೊಕ್ಕೆ, ಅಷ್ಟೆ. 2019ರ ಜನವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, 2020ರಲ್ಲಿ 84 ಸಾವುಗಳ ತಪ್ಪನ್ನು ಕೋರ್ಟಿನಲ್ಲಿ ಒಪ್ಪಿಕೊಂಡಿತು.

ಆ ಬೆಂಕಿಯ ಮೇಲೆ ಅವರು ಹೆಚ್ಚಾಗಿ ಹಿಡಿದ ದಾರಿ ಏನು ಗೊತ್ತಾ? ಗಾಳಿ ಜೋರು ಇರುವ ದಿನ ಮೊದಲೇ ಕರೆಂಟ್ ತೆಗೆಯುವುದು. 2019ರ ಅಕ್ಟೋಬರ್‌ನಲ್ಲಿ ಲಕ್ಷಾಂತರ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ, ನಮ್ಮ ಮನೆಯೂ ಅದರಲ್ಲಿ ಒಂದು. ಊರಿನಿಂದ ಅಮ್ಮ ಫೋನ್ ಮಾಡಿ "ಅಮೆರಿಕದಲ್ಲೂ ಕರೆಂಟ್ ಹೋಗುತ್ತದಾ" ಎಂದು ನಕ್ಕರು. ನಗು ಬರುವ ಹಾಗೆ ಇರಲಿಲ್ಲ. ಆಕ್ಸಿಜನ್ ಮೆಷಿನ್ನಿನ ಮೇಲೆ ಇರುವ ಮುದುಕರು, ಬೋರ್‌ವೆಲ್ ನಂಬಿದ ಹಳ್ಳಿಯವರು ಪಟ್ಟ ಪಾಡು ಅಷ್ಟಿಷ್ಟಲ್ಲ.

2021ರಿಂದ ಇನ್ನೊಂದು ಕ್ರಮ ಬಂದಿದೆ. ಬೇಸಿಗೆಯಲ್ಲಿ ಲೈನಿಗೆ ಏನಾದರೂ ತಾಗಿದರೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಆಫ್ ಆಗುವ ಹಾಗೆ ಸೆಟ್ಟಿಂಗ್ ಬದಲಾಯಿಸುತ್ತಾರೆ, ಮತ್ತೆ ನೋಡದೆ ಹಾಕುವುದಿಲ್ಲ. ಬೆಂಕಿ ಕಡಿಮೆ ಆಯಿತು. ಆದರೆ ಒಂದು ಅಳಿಲು ತಾಗಿದರೂ ಇಡೀ ಊರಿಗೆ ನಾಲ್ಕು ಗಂಟೆ ಕತ್ತಲೆ. ಸುರತ್ಕಲ್ ತಮ್ಮ ಹೇಳಿದ ಭೂಮಿಯೊಳಗಿನ ಕೇಬಲ್ ಕೂಡಾ ಉಂಟು, 10,000 ಮೈಲಿ ಮಾಡುತ್ತೇವೆ ಎಂದು 2021ರಲ್ಲಿ ಹೇಳಿದರು. ಒಂದು ಮೈಲಿಗೆ ಸುಮಾರು ಮೂವತ್ತು ಲಕ್ಷ ಡಾಲರ್ ಬೀಳುತ್ತದೆ. ದುಡ್ಡು ಬಿಲ್ಲಿನಲ್ಲೇ ಬರುತ್ತದೆ, ನಾನು ಕಟ್ಟುತ್ತಿದ್ದೇನೆ.

ಹೆಬ್ರಿ ಕಾಡಿನ ಬದಿ:

ಕ್ಯಾಲಿಫೋರ್ನಿಯಾ ಕಥೆ ಚೆನ್ನಾಗಿದೆ, ಆದರೆ ಇಲ್ಲಿಗೆ ತರಬೇಡಿ. ನಮ್ಮ ಸೋಮೇಶ್ವರ, ಆಗುಂಬೆ ಕಾಡು ಅಷ್ಟು ಸುಲಭದಲ್ಲಿ ಹೊತ್ತಿಕೊಳ್ಳುವುದಿಲ್ಲ, ಒಳಗೆ ತೇವ ಇರುತ್ತದೆ. ಹೊತ್ತಿಕೊಳ್ಳುವುದು ಪದವಿನ ಹುಲ್ಲು, ಗೇರು ಗುಡ್ಡ, ಅಕೇಶಿಯಾ ನೆಡುತೋಪಿನ ತರಗೆಲೆ, ಕುದುರೆಮುಖದ ಕಡೆಯ ಹುಲ್ಲುಗಾವಲು. ಅದಕ್ಕೂ ಹೆಚ್ಚಿನ ಸಲ ಬೆಂಕಿ ಹಾಕುವುದು ಮನುಷ್ಯ. ಬೀಡಿ ಎಸೆಯುತ್ತಾರೆ. ಸುಡುಮಣ್ಣು (ಗೊಬ್ಬರಕ್ಕೆ ಸುಟ್ಟ ಮಣ್ಣು) ಮಾಡಲು ತರಗೆಲೆಗೆ ಬೆಂಕಿ ಕೊಟ್ಟು ಊಟಕ್ಕೆ ಹೋಗುತ್ತಾರೆ. ಹೊಸ ಹುಲ್ಲು ಚಿಗುರಲಿ ಎಂದು ಬೇಕೆಂದೇ ಹಾಕುವವರೂ ಉಂಟು. ಎಲ್ಲವನ್ನೂ ಲೈನಿನ ತಲೆಗೆ ಕಟ್ಟುವುದು ನ್ಯಾಯ ಅಲ್ಲ.

ಪದವಿನಮನೆ:

ಒಪ್ಪುತ್ತೇನೆ. ಸುಡುಮಣ್ಣು ನಾವೂ ಮಾಡುತ್ತೇವೆ, ಎರಡು ವರ್ಷದ ಹಿಂದೆ ನಮ್ಮದೇ ಕೈತಪ್ಪಿ ಬೇಲಿ ಸುಟ್ಟಿತ್ತು. ಆದರೆ ಬೀಡಿ ಎಸೆಯುವವನನ್ನು ಹಿಡಿಯುವುದು ಕಷ್ಟ. ಲೈನ್ ಎಲ್ಲಿ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಗೊತ್ತಿರುವುದನ್ನು ಮೊದಲು ಸರಿ ಮಾಡಬಹುದಲ್ವಾ?

ಡಿಪ್ಲೊಮಾ ಮೇಷ್ಟ್ರು, ಮಣಿಪಾಲ:

ನನಗೆ ಕ್ಯಾಲಿಫೋರ್ನಿಯಾಕ್ಕಿಂತ ಆಸ್ಟ್ರೇಲಿಯಾ ಹತ್ತಿರ ಕಾಣುತ್ತದೆ, ಅಲ್ಲಿಯೂ ಚದುರಿದ ಮನೆಗಳು, ಉದ್ದದ ಹಳ್ಳಿ ಲೈನುಗಳು. 2009ರ ಫೆಬ್ರವರಿ 7ರಂದು ವಿಕ್ಟೋರಿಯಾ ರಾಜ್ಯದಲ್ಲಿ ಒಂದೇ ದಿನದ ಬೆಂಕಿಗಳಿಗೆ 173 ಜನ ಬಲಿಯಾದರು. ಅದರಲ್ಲಿ 119 ಜನ ಸತ್ತದ್ದು ಕಿಲ್ಮೋರ್ ಈಸ್ಟ್ ಬೆಂಕಿಯಲ್ಲಿ. ಅದು ಶುರುವಾದದ್ದು ಒಂದು ಹಳೆಯ ಹಳ್ಳಿ ಲೈನಿನ ತಂತಿ ಕಡಿದು. ಒಂದೇ ತಂತಿಯ ಲೈನ್, ವಾಪಸ್ ದಾರಿ ಭೂಮಿಯೇ.

ಆಮೇಲೆ ಕೂತ ರಾಯಲ್ ಕಮಿಷನ್ ಭೂಮಿಯೊಳಗೆ ಹಾಕಿ, ಹೊಸ ತಂತ್ರಜ್ಞಾನ ತನ್ನಿ ಎಂದೆಲ್ಲ ಹೇಳಿತು. ಜೊತೆಗೆ ಒಂದು ಸಣ್ಣ ಶಿಫಾರಸು ಉಂಟು, ಇಲ್ಲಿ ಕಂಬ ಹತ್ತಿದವರು ಹೇಳಿದ್ದೇ ಅದು. ಬೆಂಕಿಗಾಲದ ಅತಿ ಅಪಾಯದ ಆರು ವಾರ ಇಂಥ ಲೈನುಗಳಲ್ಲಿ ತಾನಾಗಿ ಮತ್ತೆ ಚಾರ್ಜ್ ಆಗುವ ವ್ಯವಸ್ಥೆಯನ್ನೇ ಬಂದ್ ಮಾಡಿ. ದೊಡ್ಡ ಫೀಡರುಗಳಲ್ಲಿ ಬೆಂಕಿ ನಿಷೇಧದ ದಿನಗಳಲ್ಲಿ ಒಂದೇ ಒಂದು ಸಲ ಹಾಕಿ ನೋಡಿ, ನಿಲ್ಲದಿದ್ದರೆ ಮುಟ್ಟಬೇಡಿ. ಇದಕ್ಕೆ ಕೋಟಿ ಬೇಡ. ಒಂದು ಸುತ್ತೋಲೆ ಸಾಕು, ಜೊತೆಗೆ ಲೈನ್ ನಡೆದು ನೋಡಲು ಜನ.

ನಮ್ಮಲ್ಲಿ ಎಲ್ಲಾ ಫೀಡರಿಗೂ ಬೇಡ. ಪದವು ಮತ್ತು ಗೇರು ಗುಡ್ಡ ದಾಟುವ ಫೀಡರುಗಳು ಯಾವುವು ಎಂದು ಸೆಕ್ಷನ್ನಿನವರಿಗೆ ಬಾಯಿಪಾಠ ಇರುತ್ತದೆ. ಫೆಬ್ರವರಿಯಿಂದ ಮೊದಲ ಮಳೆವರೆಗೆ ಅವಕ್ಕೆ ಮಾತ್ರ ಬೇರೆ ನಿಯಮ.

ಮಲ್ಪೆ ಗಾಳಿ:

ಗುಡ್ಡದವರಿಗೆ ಹುಲ್ಲು, ನಮಗೆ ಉಪ್ಪು. ಬೇಸಿಗೆ ಇಡೀ ಸಮುದ್ರದ ಗಾಳಿ ಇನ್ಸುಲೇಟರ್ ಮೇಲೆ ಉಪ್ಪು, ಧೂಳು ಕೂರಿಸುತ್ತದೆ. ಮೊದಲ ತುಂತುರು ಬಿದ್ದ ರಾತ್ರಿ ಅದು ಒದ್ದೆಯಾಗಿ ಕಂಬದ ತಲೆಯಲ್ಲಿ ನೀಲಿ ಕಿಡಿ ಓಡುತ್ತದೆ, ಆಮೇಲೆ ಢಂ. ಹಳೆ ಪಿಂಗಾಣಿಯ ಬದಲು ಪಾಲಿಮರ್ ಹಾಕಿದ ಕಡೆ ಕಡಿಮೆ ಎಂದು ನಮ್ಮ ಅನುಭವ. ಇಷ್ಟೇ, ನೀವು ಮುಂದುವರಿಸಿ.

ಮೂಡುಬಿದಿರೆ ಅಕ್ಕ:

ಎಲ್ಲಾ ಓದಿದೆ. ಒಂದು ಮಾತು ಯಾರೂ ಹೇಳಲಿಲ್ಲ, ಹೇಳಿದರೆ ಬೈಗುಳ ಬರಬಹುದು. ಆ ಗೆಲ್ಲು ಯಾರದ್ದು?

ನಮ್ಮ ಮನೆಯ ಮುಂದೆ ಒಂದು ಹಲಸಿನ ಮರ, ನಮ್ಮ ಅತ್ತೆ ನೆಟ್ಟದ್ದು. ಪ್ರತಿ ವರ್ಷ ಲೈನಿನವರು ಗೆಲ್ಲು ತೆಗೆಯಲು ಬರುತ್ತಾರೆ. ಅತ್ತೆ ಕತ್ತಿ ಹಿಡಿದು ನಿಂತ ಹಾಗೆ ನಿಲ್ಲುತ್ತಿದ್ದರು. "ಈ ವರ್ಷ ಕಾಯಿ ಬಿಟ್ಟಿದೆ, ಮುಂದಿನ ವರ್ಷ ಬನ್ನಿ." ಅವರೂ ಪಾಪ, ಒಂದು ಎಳೆ ಗೆಲ್ಲು ಕಡಿದು ಶಾಸ್ತ್ರ ಮುಗಿಸಿ ಹೋಗುತ್ತಿದ್ದರು. ಜೂನ್‌ನಲ್ಲಿ ಅದೇ ಗೆಲ್ಲು ಲೈನ್ ಮೇಲೆ ಬಿದ್ದು ಮೂರು ದಿನ ಕರೆಂಟ್ ಇಲ್ಲದಾಗ ಫೋನ್ ಮಾಡಿ ಜೋರು ಮಾಡುವವರೂ ನಾವೇ. ಪಕ್ಕದವರು ಲೈನಿನ ಅಡಿಯಲ್ಲೇ ಅಡಿಕೆ ಸಸಿ ನೆಟ್ಟಿದ್ದಾರೆ, ಐದು ವರ್ಷದಲ್ಲಿ ಎಲ್ಲಿಗೆ ಮುಟ್ಟುತ್ತದೆ ಎಂದು ಗೊತ್ತಿಲ್ಲದೆ ಅಲ್ಲ.

ಸುರತ್ಕಲ್ ಹುಡುಗ:

ಅಕ್ಕ, ನಿಮ್ಮ ಅತ್ತೆಯನ್ನು ಬ್ರೇಕ್‌ಡೌನ್ ಲಿಸ್ಟಿಗೆ ಸೇರಿಸಬೇಕು 😄

ಡಿಪ್ಲೊಮಾ ಮೇಷ್ಟ್ರು, ಮಣಿಪಾಲ:

ಅಕ್ಕ ಹೇಳಿದ್ದು ನೂರಕ್ಕೆ ನೂರು. ಕಾನೂನು ಕೂಡಾ ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. 11 ಕೆವಿ ಲೈನಿಗೆ ಕಾಡಿನಲ್ಲಿ ಲೆಕ್ಕ ಹಾಕುವ ದಾರಿಯ ಅಗಲ 7 ಮೀಟರ್, ಅಂದರೆ ನಡುವಿನಿಂದ ಆಚೆ ಮೂರೂವರೆ, ಈಚೆ ಮೂರೂವರೆ. 2003ರ ವಿದ್ಯುತ್ ಕಾಯ್ದೆಯ 68ನೇ ಸೆಕ್ಷನ್ ಪ್ರಕಾರ ಲೈನಿಗೆ ಅಡ್ಡ ಬರುವ ಮರವನ್ನು ಮ್ಯಾಜಿಸ್ಟ್ರೇಟ್ ಆದೇಶದ ಮೇಲೆ ತೆಗೆಸಬಹುದು. ಆದರೆ ಲೈನ್ ಎಳೆಯುವ ಮೊದಲೇ ಮರ ಇದ್ದಿದ್ದರೆ ಮಾಲೀಕರಿಗೆ ಪರಿಹಾರ ಸಿಗಬೇಕು. ಆಮೇಲೆ ನೆಟ್ಟ ಅಡಿಕೆಗೆ ಆ ಮಾತಿಲ್ಲ. ಅತ್ತೆಯ ಹಲಸು ಮೊದಲಾ, ಲೈನ್ ಮೊದಲಾ, ನೋಡಿ.

ಮರ ತೆಗೆಯಲೇಬಾರದು ಎನ್ನುವ ಜಾಗಗಳಿಗೆ ಎಬಿ ಕೇಬಲ್ (ಹೊದಿಕೆ ಇರುವ ತಂತಿಗಳನ್ನು ಒಟ್ಟಿಗೆ ಹೆಣೆದದ್ದು) ಅಥವಾ ಹೊದಿಕೆ ಇರುವ ತಂತಿ ಹಾಕಬಹುದು. ಗೆಲ್ಲು ತಾಗಿದರೂ ಸುಲಭದಲ್ಲಿ ಟ್ರಿಪ್ ಆಗುವುದಿಲ್ಲ, ಕಿಡಿ ಬರುವುದಿಲ್ಲ. ಭೂಮಿಯೊಳಗಿನ ಕೇಬಲ್‌ಗಿಂತ ತುಂಬಾ ಅಗ್ಗ, ಮುರಕಲ್ಲು ಅಗೆಯುವ ಕೆಲಸವೂ ಇಲ್ಲ. ಇಡೀ ತಾಲೂಕಿಗೆ ಕೇಳಿದರೆ ಫೈಲ್ ಮೇಲೆ ಫೈಲ್. ಇಂಥ ಇಂಥ ಆರು ಸ್ಪ್ಯಾನ್ (ಕಂಬದಿಂದ ಕಂಬಕ್ಕೆ ಒಂದು ತುಂಡು) ಎಂದು ಕಂಬದ ನಂಬರ್ ಸಮೇತ ಕೊಟ್ಟರೆ ಇಂಜಿನಿಯರಿಗೂ ಎಸ್ಟಿಮೇಟ್ ಮಾಡಲು ಸುಲಭ.

ಕಂಬ ಹತ್ತಿದವ (ನಿವೃತ್ತ):

ಹೌದು, ಕಂಬದ ನಂಬರ್ ಬರೆಯಿರಿ. ಜೊತೆಗೆ ನೋಡಬೇಕಾದದ್ದು ಇನ್ನೂ ಉಂಟು. ಎಲ್‌ಟಿ (ಟಿಸಿಯಿಂದ ಮನೆಗೆ ಬರುವ) ಲೈನ್ ಜೋತಾಡುತ್ತಿದ್ದರೆ ಮಧ್ಯಾಹ್ನದ ಬಿಸಿಲಿಗೆ ಇನ್ನೂ ಇಳಿಯುತ್ತದೆ, ಸಮುದ್ರದ ಗಾಳಿ ಬೀಸುವ ಹೊತ್ತೂ ಅದೇ. ಎರಡು ತಂತಿ ಒಂದಕ್ಕೊಂದು ಬಡಿದರೆ ಕರಗಿದ ಅಲ್ಯೂಮಿನಿಯಂ ಹನಿ ಹುಲ್ಲಿಗೆ ಉದುರುತ್ತದೆ. ಅಲ್ಲಿಗೆ ಪ್ಲಾಸ್ಟಿಕ್ ಸ್ಪೇಸರ್ ಹಾಕಿದರೆ ಆಯಿತು, ಕೆಲವು ರೂಪಾಯಿಯ ಸಾಮಾನು. ಟಿಸಿ ಅಡಿಯಲ್ಲಿ ಹುಲ್ಲು ಬೆಳೆಯಲು ಬಿಡಬೇಡಿ, ಡಿಓ ಫ್ಯೂಸ್ ಹಾರಿದಾಗ ಬಿಸಿ ಚೂರು ಬೀಳುವುದು ಅಲ್ಲಿಯೇ.

ಮರ ಸವರುವ ಕಾಲದ ಬಗ್ಗೆಯೂ ಹೇಳಬೇಕು. ಎಲ್ಲ ಕಡೆ ಮೇ ತಿಂಗಳಲ್ಲಿ, ಮಳೆಗೆ ಮೊದಲು ಎಂದು ಓಡಾಡುತ್ತಾರೆ. ಮಳೆಗಾಲಕ್ಕೆ ಅದು ಸರಿ. ಆದರೆ ಬೆಂಕಿಯ ಕಾಲ ಆಗ ಮುಗಿಯುತ್ತಾ ಬಂದಿರುತ್ತದೆ, ಕಡಿದ ಸೊಪ್ಪನ್ನು ಲೈನಿನ ಅಡಿಯಲ್ಲೇ ಬಿಟ್ಟು ಹೋದರೆ ಮುಂದಿನ ವರ್ಷಕ್ಕೆ ಸೌದೆ ಕೊಟ್ಟ ಹಾಗೆ. ಪದವಿನ ಲೈನುಗಳಿಗೆ ಡಿಸೆಂಬರ್, ಜನವರಿಯಲ್ಲಿ ಒಂದು ಸುತ್ತು ಬೇಕೇ ಬೇಕು.

ಮತ್ತೆ ಎರಡು ವಿಷಯ, ಪ್ರಾಣದ ಪ್ರಶ್ನೆ. ಕರೆಂಟ್ ಹೋದ ಕೂಡಲೇ ಜನರೇಟರ್ ಹಾಕುವವರು ಚೇಂಜ್‌ಓವರ್ ಸ್ವಿಚ್ ಇಲ್ಲದೆ ಹಾಕಬೇಡಿ. ನಿಮ್ಮ ಮನೆಯ 230 ವೋಲ್ಟ್ ಟಿಸಿಯಲ್ಲಿ ಹಿಂದಕ್ಕೆ ಹೋದರೆ ಆ ಕಡೆ 11 ಸಾವಿರ ಆಗುತ್ತದೆ. ಲೈನ್ ಕ್ಲಿಯರ್ (ಲೈನ್ ಆಫ್ ಇದೆ, ಕೆಲಸ ಮಾಡಿ ಎನ್ನುವ ಅನುಮತಿ) ತಗೊಂಡು ಕಂಬದ ಮೇಲೆ ಇರುವವನ ಕಥೆ ಮುಗಿಯಿತು. ಇನ್ನೊಂದು, ಈಗ ಎಲ್ಲರ ಹತ್ತಿರವೂ ಕಾರ್ಬನ್ ಫೈಬರ್ ದೋಟಿ (ಅಡಿಕೆ ಕೊನೆ ಕೊಯ್ಯುವ ಉದ್ದದ ಕೋಲು) ಉಂಟು. ಲೋಹ ಅಲ್ಲ, ಕರೆಂಟ್ ಹೊಡೆಯುವುದಿಲ್ಲ ಎಂದು ಕೆಲವರು ತಿಳಿದಿದ್ದಾರೆ. ತಪ್ಪು. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ಲೈನ್ ಹತ್ತಿರದ ಮರದ ಕೊನೆ ತೆಗೆಯುವಾಗ ದಯವಿಟ್ಟು ಲೈನ್ ಆಫ್ ಮಾಡಿಸಿ.

ಸುರತ್ಕಲ್ ಹುಡುಗ:

ನಮ್ಮ ಮನೆಯಲ್ಲಿ ಸೋಲಾರ್ ಹಾಕಿದ್ದೇವೆ. ಲೈನ್ ಹೋದರೆ ಅದೂ ಆಫ್ ಆಗುತ್ತದೆ, ಮೋಸ ಹೋದೆವು ಎಂದು ಅಪ್ಪ ಬೈಯುತ್ತಿದ್ದರು. ಈಗ ಅರ್ಥ ಆಯಿತು, ಅದು ಕಂಬದ ಮೇಲೆ ಇರುವವರಿಗಾಗಿ ಅಲ್ವಾ?

ಕಂಬ ಹತ್ತಿದವ (ನಿವೃತ್ತ):

ಅದಕ್ಕೇ. ಬ್ಯಾಟರಿ ಇರುವ ಹೈಬ್ರಿಡ್ ಹಾಕಿದರೆ ಮನೆಯ ಮಟ್ಟಿಗೆ ನಡೆಯುತ್ತದೆ, ಲೈನಿಗೆ ಹೋಗುವುದಿಲ್ಲ. ಖರ್ಚು ಜಾಸ್ತಿ.

ಹೆಬ್ರಿ ಕಾಡಿನ ಬದಿ:

ನಾನು ಮೊದಲು ಸ್ವಲ್ಪ ಜೋರಾಗಿ ಬರೆದೆ, ಬೇಜಾರು ಬೇಡ. ಒಂದು ಸಂಶಯ. ಬೇಸಿಗೆಯಲ್ಲಿ ನೋಡದೆ ಚಾರ್ಜ್ ಮಾಡಬಾರದು ಎಂದರೆ ಮೂರು ನಾಲ್ಕು ಗಂಟೆ ಕರೆಂಟ್ ಇರುವುದಿಲ್ಲ. ಏಪ್ರಿಲ್‌ನಲ್ಲಿ ಅಡಿಕೆಗೆ ನೀರು ಬಿಡುವವರು ಒಪ್ಪುತ್ತಾರಾ? ಬೆಂಕಿ ಬೇರೆ ಕಡೆಯಿಂದ ಬಂದರೆ ಪಂಪ್ ಕೂಡಾ ಇರುವುದಿಲ್ಲ.

ಪದವಿನಮನೆ:

ಅದೇ ನನ್ನ ತಲೆಯಲ್ಲೂ ಓಡುತ್ತಿದೆ. ಪಂಪ್ ಬಗ್ಗೆ ಹೇಳುವುದಾದರೆ, ಹೋದ ವಾರ ಲೈನ್ ಇದ್ದೂ ಪಂಪ್ ನಡೆಯಲಿಲ್ಲ. ಹಾಗಾಗಿ ಒಂದು ಸಣ್ಣ ಡೀಸೆಲ್ ಪಂಪ್ ಮೂರು ಮನೆಯವರು ಸೇರಿ ತೆಗೆದುಕೊಳ್ಳುವ ಮಾತು ನಡೆದಿದೆ. ಇನ್ನು ನೀರಿನ ವಿಷಯ, ಲೈನ್ ನಡೆದು ನೋಡಲು ಮೂರು ಗಂಟೆ ಬೇಕಾಗುವುದು ಯಾಕೆಂದರೆ ಇಬ್ಬರೇ ಹುಡುಗರು ಹದಿನೈದು ಕಿಲೋಮೀಟರ್ ನಡೆಯಬೇಕು. ನಾವು ಪ್ರತಿ ಬೈಲಿನಲ್ಲಿ ಒಬ್ಬೊಬ್ಬರು ನಮ್ಮ ನಮ್ಮ ತುಂಡು ದೂರದಿಂದ ನೋಡಿ, ಫೋಟೊ ತೆಗೆದು, ವಾಟ್ಸ್ಯಾಪಿನಲ್ಲಿ ಹಾಕಿದರೆ ಅರ್ಧ ಗಂಟೆಯಲ್ಲಿ ಆಗುತ್ತದೆ. ಸೆಕ್ಷನ್ನಿನವರು ಒಪ್ಪುತ್ತಾರಾ ಗೊತ್ತಿಲ್ಲ, ಕೇಳಿ ನೋಡುವುದು.

ಕಂಬ ಹತ್ತಿದವ (ನಿವೃತ್ತ):

ಕೇಳಿ. ನೀವು ನೋಡಿದ್ದು ಸುಳಿವು ಮಾತ್ರ, ಚಾರ್ಜ್ ಮಾಡುವ ತೀರ್ಮಾನ ಅವರದ್ದೇ, ಇದು ನೆನಪಿರಲಿ. ಬಿದ್ದ ತಂತಿಯಿಂದ ಕನಿಷ್ಠ ಹತ್ತು ಮೀಟರ್ ದೂರ. ಕರೆಂಟ್ ಇಲ್ಲ ಎಂದು ಯಾರು ಹೇಳಿದರೂ ನಂಬಬೇಡಿ, ಮತ್ತೆ ಹಾಕಿದರೆ? ಹತ್ತಿರ ಸಿಕ್ಕಿಹಾಕಿಕೊಂಡರೆ ದೊಡ್ಡ ಹೆಜ್ಜೆ ಇಡಬೇಡಿ, ಎರಡೂ ಕಾಲು ಜೋಡಿಸಿ ಸಣ್ಣಕ್ಕೆ ಜಾರಿಸಿಕೊಂಡು ಹಿಂದೆ ಬನ್ನಿ. ನೀವು ಹೋದ ವಾರ ಸೊಪ್ಪು ಹಿಡಿದು ಬಡಿದಿರಲ್ಲ, ಆಗ ತಂತಿಯಲ್ಲಿ ಕರೆಂಟ್ ಇತ್ತಾ ಇಲ್ಲವಾ ಎಂದು ನೋಡಿಕೊಂಡವರು ಯಾರು?

ಪದವಿನಮನೆ:

ಯಾರೂ ನೋಡಿರಲಿಲ್ಲ. ಈಗ ಯೋಚಿಸಿದರೆ ಕೈ ನಡುಗುತ್ತದೆ.

ಆದಿತ್ಯವಾರ ಬೆಳಿಗ್ಗೆ ಏಳು ಗಂಟೆಗೆ ನಾವು ಐದು ಜನ ಲೈನಿನ ಅಡಿ ನಡೆದು ಕಂಬದ ನಂಬರ್ ಬರೆದುಕೊಳ್ಳುತ್ತೇವೆ. ಮರ ತಾಗುವ ಜಾಗ, ಜೋತ ತಂತಿ, ಓರೆಯಾದ ಕಂಬ. ಸೋಮವಾರ ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳುವುದು. ಬೇಸಿಗೆಯ ಚಾರ್ಜಿಂಗ್ ವಿಷಯ ಬೇರೆಯೇ ಒಂದು ಪುಟದಲ್ಲಿ ಬರೆಯುತ್ತೇನೆ, ಮೇಷ್ಟ್ರೇ, ಆ ಆರು ವಾರದ ಶಿಫಾರಸನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕೊಡುತ್ತೀರಾ?

ಡಿಪ್ಲೊಮಾ ಮೇಷ್ಟ್ರು, ಮಣಿಪಾಲ:

ಇವತ್ತು ರಾತ್ರಿ ಕಳಿಸುತ್ತೇನೆ.

ಮೂಡುಬಿದಿರೆ ಅಕ್ಕ:

ಹಲಸಿನ ವಿಷಯ ವಿಚಾರಿಸಿದೆ. ಲೈನ್ ಬಂದದ್ದು ಮರ ನೆಟ್ಟ ಮೇಲೆಯೇ ಅಂತೆ, ಅತ್ತೆ ಗೆದ್ದರು. ಆದರೆ ಲೈನ್ ಕಡೆಯ ಎರಡು ಗೆಲ್ಲು ತೆಗೆಯಲು ಒಪ್ಪಿದ್ದಾರೆ, ಈಗ ಇರುವ ಗುಜ್ಜೆ (ಎಳೆ ಹಲಸು) ಎಲ್ಲ ಕೊಯ್ದ ಮೇಲೆ. ಪಲ್ಯಕ್ಕೆ ಬೇಕಾದವರು ಹೇಳಿ.